ಕರಾವಳಿಯ ಫರ್ನಿಚರ್ ಕಲೆಕ್ಷನ್: ಶಂಖ, ಲಂಗರು, ನೀಲಿ ಪಟ್ಟೆ ಬಿಟ್ಟು ಏನು ಮಾಡಬಹುದು?

ನದಿಬದಿ · ಮೇ 9

ಎಲ್ಲರಿಗೂ ನಮಸ್ಕಾರ. ನಾನು ಮರವಂತೆ ಹತ್ತಿರದವಳು. ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಫರ್ನಿಚರ್ ಡಿಸೈನ್ ಕೆಲಸ ಮಾಡಿ ಈಗ ಊರಿಗೆ ಬಂದಿದ್ದೇನೆ. ಮನೆ ಹಿಂದಿನ ಕೊಟ್ಟಿಗೆಯೇ ನನ್ನ ವರ್ಕ್‌ಶಾಪ್. ಊರಿನ ಆಚಾರಿ ಒಬ್ಬರು ಜೊತೆಗಿದ್ದಾರೆ. ಮೂವತ್ತು ವರ್ಷ ದಾರಂದ, ಬಾಗಿಲು, ಮಂಚ ಮಾಡಿದ ಕೈ ಅವರದು.

ಬೆಂಗಳೂರಿನಲ್ಲಿದ್ದಾಗ ಒಂದು ಕಂಪನಿಗೆ ‘ಕೋಸ್ಟಲ್’ ಕಲೆಕ್ಷನ್ ಮಾಡಿಕೊಟ್ಟಿದ್ದೆ. ಬಿಳಿ ಬಣ್ಣ ಬಳಿದ ಕುರ್ಚಿ, ಹಗ್ಗ ಸುತ್ತಿದ ಕನ್ನಡಿ, ಲಂಗರಿನ ಆಕಾರದ ಕೊಕ್ಕೆ, ನೀಲಿ ಪಟ್ಟೆಯ ದಿಂಬು. ಚೆನ್ನಾಗಿ ಮಾರಾಟ ಆಯಿತು. ಫೋಟೋ ಅಮ್ಮನಿಗೆ ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು: “ಇದ್ ಯಾವೂರ್ ಕಡ್ಲ್ ಹೆಣೆ?”

ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ಕಡಲು ಜೂನ್ ಬಂದರೆ ನೀಲಿ ಇರುವುದಿಲ್ಲ ಅಲ್ವಾ? ನದಿಗಳು ತಂದ ಮಣ್ಣು ಸೇರಿ ದಡದಿಂದ ಬಹಳ ದೂರದವರೆಗೆ ಚಹಾದ ಬಣ್ಣ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಕಂಪೌಂಡು ಕೆಂಪಿನಿಂದ ಹಸಿರಾಗುತ್ತದೆ. ಹಂಚು ಕಪ್ಪಾಗುತ್ತದೆ. ನಾನು ಕಂಡ ಕರಾವಳಿ ಕೆಂಪು, ಕಪ್ಪು, ಪಾಚಿ ಹಸಿರು, ಸುಣ್ಣದ ಬಿಳಿ. ನೀಲಿ ಇದೆ, ಡಿಸೆಂಬರಿನಲ್ಲಿ. ಆದರೆ ಅದೊಂದೇ ಅಲ್ಲ.

ಹಾಗಾಗಿ ಒಂಬತ್ತು ಸಾಮಾನಿನ ಒಂದು ಸಣ್ಣ ಕಲೆಕ್ಷನ್ ಮಾಡಬೇಕು ಅಂತಿದ್ದೇನೆ. ದೋಣಿಯ ಹಲಗೆ ಹೊಲಿದ ಹಾಗೆ ಹುರಿಹಗ್ಗದಿಂದ ಹೊಲಿದ ಜಗಲಿ ಬೆಂಚು ಒಂದು. ಬೆತ್ತ ಹೆಣೆದ ಆರಾಮ ಕುರ್ಚಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳನ್ನು ನೋಡಿ ಬರೆದ ಮೂರು ಸ್ಟೂಲು, ಮೂರೂ ಬೇರೆ ಬೇರೆ ಎತ್ತರ. ಏಳಡಿ ಉದ್ದದ, ತುಂಬ ಕಿರಿದಾದ ಒಂದು ಮೇಜು: ನಮ್ಮೂರಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ಆ ರಸ್ತೆಯೇ ಈ ಮೇಜು. ಅಕ್ಕಿಮುಡಿಯ (ಬೈಹುಲ್ಲಿನಲ್ಲಿ ಅಕ್ಕಿ ತುಂಬಿ ಕಟ್ಟುವ ದುಂಡನೆಯ ಮೂಟೆಯ) ಆಕಾರದಲ್ಲಿ ಕೂರುವ ಹುಲ್ಲಿನ ಪೀಠ. ಹಳೇ ಹಂಚಿನ ಶೆಲ್ಫು, ಅಡಿಕೆ ಹಾಳೆಯ ದೀಪದ ಮುಚ್ಚಳ, ಮುರಕಲ್ಲಿನ ಪುಟ್ಟ ಟೀಪಾಯಿ, ಕೊನೆಗೆ ಪರದೆ ಮತ್ತು ದಿಂಬಿನ ಬಟ್ಟೆ.

ಮರ ಯಾವುದು, ಪಾಲಿಶ್ ಯಾವುದು, ಯಾವುದನ್ನು ಮುಟ್ಟಲೇಬಾರದು? ಗೊತ್ತಿದ್ದವರು ಮನಸ್ಸು ಬಿಚ್ಚಿ ಹೇಳಿ.

ಉಳಿ_ಕೊಡತಿ · ಮೇ 9

ಅಕ್ಕ, ಮೊದಲು ಮರದ ಮಾತು. ಕಡಲ ಬದಿಯ ಸಾಮಾನು ಅಂದ ಕೂಡಲೇ ಎಲ್ಲರೂ ಸಾಗುವಾನಿ ಅಂತಾರೆ. ಸಾಗುವಾನಿ ಒಳ್ಳೇದೇ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಮನೆಗಳನ್ನು ಕಾದ ಮರ ಹಲಸು. ಮದ್ದಳೆ, ವೀಣೆ ಮಾಡುವುದೂ ಅದರಲ್ಲೇ. ಕೊಯ್ದ ದಿನ ಹಳದಿ, ವರ್ಷ ಹೋದ ಹಾಗೆ ಜೇನಿನ ಬಣ್ಣ, ಆಮೇಲೆ ಕಂದು. ಅದಕ್ಕೆ ಬಣ್ಣ ಬಳಿದರೆ ಪಾಪ. ಕುರ್ಚಿ, ಸ್ಟೂಲು, ಉದ್ದ ಮೇಜು ಎಲ್ಲ ಹಲಸಿನಲ್ಲೇ ಮಾಡಿ. ಬೆಂಚಿಗೆ ಹೆಬ್ಬಲಸು ಸಿಕ್ಕರೆ ಬಿಡಬೇಡಿ, ದೋಣಿಗೆ ಬಳಸುತ್ತಿದ್ದ ಮರ ಅದು. ನೀರು, ಬಿಸಿಲು ಎರಡನ್ನೂ ತಡೆಯುತ್ತದೆ.

ಹೊಸ ಮರ ಕಡಿಸುವ ಬದಲು ಹಳೇ ಮನೆ ಕಳಚುವಲ್ಲಿ ಹೋಗಿ ನೋಡಿ. ಐವತ್ತು ವರ್ಷ ಮಾಡಿನಡಿ ಒಣಗಿದ ಪಕ್ಕಾಸು, ತೊಲೆ ಸಿಗುತ್ತದೆ. ಅಂಥ ಮರ ಇನ್ನು ಅಷ್ಟಾಗಿ ಸೊಟ್ಟ ಆಗುವುದಿಲ್ಲ. ಮೊಳೆ ಒಂದೂ ಬಿಡದೆ ಕಿತ್ತು ಕೊಯ್ಯಿಸಿ, ಇಲ್ಲದಿದ್ದರೆ ಮಿಲ್ಲಿನವರು ಬೈತಾರೆ.

ಡ್ರಾಯರ್ ಇಡುತ್ತೀರಾ? ಬೇಸಿಗೆಯಲ್ಲಿ ಕೂರಿಸಿದ್ದು ಜುಲೈಯಲ್ಲಿ ತೆರೆಯುವುದೇ ಇಲ್ಲ. ಗೂಡಿನಲ್ಲಿ ಒಣಗಿಸಿದ ಮರದಲ್ಲಿ ನೀರಿನ ಅಂಶ ಹತ್ತು-ಹನ್ನೆರಡು ಪರ್ಸೆಂಟ್ ಇರುತ್ತದೆ. ನಮ್ಮ ಮಳೆಗಾಲದಲ್ಲಿ ಅದೇ ಮರ ಹದಿನೈದು ದಾಟುತ್ತದೆ. ಮರ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಲ್ಲ. ಆ ಲೆಕ್ಕ ಇಟ್ಟು ಸಂದು ಬಿಡಿ.

ಕಬ್ಬಿಣದ ಸ್ಕ್ರೂ ಬೇಡವೇ ಬೇಡ. ಹಿತ್ತಾಳೆ, ಇಲ್ಲವೇ 316 ನಂಬರಿನ ಸ್ಟೇನ್‌ಲೆಸ್. ಅಂಗಡಿಯಲ್ಲಿ ಸುಮ್ನೆ ‘ಎಸ್‌ಎಸ್’ ಅಂತ ಕೊಡುವುದು ಸಾಮಾನ್ಯವಾಗಿ 304, ಕಡಲ ಗಾಳಿಗೆ ಅದರ ಮೇಲೂ ಕಂದು ಚುಕ್ಕೆ ಏಳುತ್ತದೆ. ಸಾಧ್ಯ ಇದ್ದಲ್ಲೆಲ್ಲ ಮರದ ಬೆಣೆಯೇ ಸಾಕು.

ಜಯನಗರ_ಫ್ಲ್ಯಾಟ್ · ಮೇ 10

ಕೊಳ್ಳುವವರ ಕಡೆಯಿಂದ ಒಂದು ಮಾತು ಮೇಡಂ. ನನ್ನ ಅಜ್ಜಿಯ ಮನೆ ಕೋಟದ ಹತ್ತಿರ. ಈಗ ಅಲ್ಲಿ ಯಾರೂ ಇಲ್ಲ. ಅಲ್ಲಿನ ಜಗಲಿಯ ನೆನಪಿಗೆ ಏನಾದರೂ ಒಂದು ನನ್ನ ಹಾಲ್‌ನಲ್ಲಿ ಇರಬೇಕು ಅಂತ ಎಷ್ಟೋ ದಿನದಿಂದ ಆಸೆ. ನೀವು ಬರೆದದ್ದು ಓದಿ ತುಂಬ ಖುಷಿಯಾಯಿತು.

ಆದರೆ ಏಳಡಿ ಮೇಜು ನಮ್ಮ ಲಿಫ್ಟಿನೊಳಗೆ ಬರುವುದಿಲ್ಲ. ಎಂಟನೇ ಮಹಡಿ. ಮೆಟ್ಟಿಲ ತಿರುವಿನಲ್ಲೂ ಸಿಕ್ಕಿಕೊಳ್ಳುತ್ತದೆ. ಹಿಂದೆ ಒಂದು ಸೋಫಾ ತಂದು ಕೆಳಗಿನಿಂದಲೇ ವಾಪಸ್ ಕಳಿಸಿದ್ದೇವೆ. ಕಳಚಿ ಜೋಡಿಸುವ ಹಾಗೆ ಮಾಡಲು ಆಗುತ್ತದಾ?

ದೋಣಿಮನೆ · ಮೇ 10

ನಮ್ಮ ಮನೆಯಲ್ಲಿ ಅಜ್ಜನ ಕಾಲದವರೆಗೆ ದೋಣಿ ಹೊಲಿಯುತ್ತಿದ್ದರು. ಹೊಲಿದ ಬೆಂಚು ಅಂತ ಓದಿದ ಕೂಡಲೇ ಬರೆಯಲು ಕೂತೆ.

ಹೊಲಿಗೆ ಅಂದರೆ ಅಂದಕ್ಕೆ ಹಾಕಿದ್ದಲ್ಲ ತಂಗಿ. ರಂಪಣಿ ದೋಣಿ ಗೊತ್ತಲ್ಲ. ದಡದಿಂದ ಹೊರಟು ಕಡಲಲ್ಲಿ ದೊಡ್ಡ ಸುತ್ತು ಬಲೆ ಬಿಟ್ಟು ಮತ್ತೆ ದಡಕ್ಕೆ ಬರುವುದು, ಆಮೇಲೆ ಊರಿಗೆ ಊರೇ ನಿಂತು ಬಲೆ ಎಳೆಯುವುದು. 1970ರ ದಶಕದಲ್ಲಿ ಪರ್ಸೀನ್ ಬೋಟು (ಸುತ್ತುಬಲೆಯ ಯಾಂತ್ರಿಕ ದೋಣಿ) ಬಂದ ಮೇಲೆ ರಂಪಣಿ ಹಿಂದೆ ಬಿತ್ತು. ಅಂಥ ದೋಣಿ ಅಲೆ ದಾಟಬೇಕು, ಮರಳಿಗೆ ಬಂದು ಬಡಿಯಬೇಕು. ಮೊಳೆ ಹೊಡೆದು ಬಿಗಿ ಮಾಡಿದ ಹಲಗೆ ಆ ಪೆಟ್ಟಿಗೆ ಸೀಳುತ್ತದೆ. ಹೊಲಿದದ್ದು ಸ್ವಲ್ಪ ಬಳುಕುತ್ತದೆ, ಪೆಟ್ಟು ನುಂಗುತ್ತದೆ. ಮೊಳೆಗೆ ತುಕ್ಕು ಹಿಡಿಯುವ ತಾಪತ್ರಯವೂ ಇಲ್ಲ.

ಮಾಡುವ ಕ್ರಮ ಹೀಗೆ. ಎರಡು ಹಲಗೆಯ ಅಂಚನ್ನು ಕೂದಲೂ ಹೋಗದ ಹಾಗೆ ಕೂರಿಸಬೇಕು. ಎರಡೂ ಕಡೆ ಅಂಚಿನಿಂದ ಒಂದೇ ದೂರಕ್ಕೆ ಸಾಲಾಗಿ ತೂತು. ಸಂದಿನ ಮೇಲೆ ತೆಂಗಿನ ನಾರಿನ ಸಿಂಬಿ ಉದ್ದಕ್ಕೆ ಇಟ್ಟು, ಅದರ ಮೇಲಿಂದ ಹುರಿ ಹಾಕಿ ಅಡ್ಡಡ್ಡ ಹೊಲಿಯುವುದು. ಒಬ್ಬರು ಒಳಗೆ, ಒಬ್ಬರು ಹೊರಗೆ. ಪ್ರತಿ ಹೊಲಿಗೆಗೂ ಕೋಲು ಹಾಕಿ ತಿರುವಿ ಬಿಗಿಯಬೇಕು. ಬಿಗಿದ ಮೇಲೆ ತೂತಿಗೆ ನಾರು ತುರುಕಿ ಬೆಣೆ ಹೊಡೆಯುವುದು. ಒಣ ಹುರಿಯಲ್ಲಿ ಹೊಲಿಯಬೇಡಿ. ನೀರಿನಲ್ಲಿ ನೆನೆಸಿ, ಹಿಂಡಿ, ಆಮೇಲೆ.

ಇನ್ನೊಂದು ವಿಷಯ ನೆನಪಿಡಿ. ದೋಣಿಯ ಹೊಲಿಗೆಯನ್ನು ಬಿಚ್ಚಿ ಮತ್ತೆ ಹೊಲಿಯುತ್ತಲೇ ಇರಬೇಕಿತ್ತು. ಒಂದು ಸಲ ಮಾಡಿದರೆ ಮುಗಿಯಿತು ಅನ್ನುವ ಕೆಲಸ ಅದಲ್ಲ. ಬೆಂಚು ಕೊಳ್ಳುವವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಹಂಚಿನಮಾಡು · ಮೇ 11

ನಾನು ಮಂಗಳೂರಿನಲ್ಲಿ ಮನೆ ವಿನ್ಯಾಸದ ಕೆಲಸ ಮಾಡುತ್ತೇನೆ. ಹಂಚು ಮತ್ತು ಮುರಕಲ್ಲಿನ ಬಗ್ಗೆ ಹೇಳಬೇಕು.

ಮುರಕಲ್ಲಿನ ಟೀಪಾಯಿ ಕೈಬಿಡಿ ಅಂತ ನನ್ನ ಸಲಹೆ. ಭೂಮಿಯಿಂದ ತೆಗೆದಾಗ ಕೊಡಲಿಯಲ್ಲಿ ಕೆತ್ತುವಷ್ಟು ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಗೋಡೆಗೆ ಅಷ್ಟು ಚೆಂದ. ಆದರೆ ಅದರ ಮೈತುಂಬ ತೂತು. ನೀರು ಕುಡಿಯುತ್ತದೆ, ಕೆಂಪು ಪುಡಿ ಬಿಡುತ್ತದೆ. ಕಾಫಿ ಚೆಲ್ಲಿದರೆ ಮುಗಿಯಿತು. ಬಿಳಿ ಪಂಚೆ ತಾಗಿದರೂ ಮುಗಿಯಿತು. ಬೇಕಿದ್ದರೆ ದೀಪದ ಬುಡಕ್ಕೆ ಒಂದು ಸಣ್ಣ ತುಂಡು ಇಡಿ. ಕೈ ತಾಗದ ಜಾಗ, ಭಾರವೂ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಹಂಚಿನ ಶೆಲ್ಫಿಗೆ ನನ್ನ ಪೂರ್ತಿ ಬೆಂಬಲ. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಹಾಕಿದರು, ಪ್ಲೆಬ್‌ಸ್ಟ್ ಎಂಬ ಜರ್ಮನ್ ಮಿಶನರಿ ಅದರ ಹಿಂದಿದ್ದವರು. ನೇತ್ರಾವತಿ, ಗುರುಪುರ ನದಿಗಳ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸಲು ಬಂದರು ಮೂರೂ ಒಂದೇ ಕಡೆ ಸಿಕ್ಕವು. ಮಂಗಳೂರು ಹಂಚು ಕಡಲು ದಾಟಿ ಎಲ್ಲೆಲ್ಲಿಗೋ ಹೋಯಿತು. ಹಳೇ ಹಂಚನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಶೆಲ್ಫಿನಲ್ಲಿ ಕಾಣಬೇಕಾದ್ದು ಆ ಮುಖ. ತೊಳೆಯುವಾಗ ಬರೀ ನೀರು ಮತ್ತು ನಾರಿನ ಬ್ರಷ್ಷು ಸಾಕು. ಆಸಿಡ್ ಹಾಕಿ ಕೆಂಪು ಮಾಡಲು ಹೋಗಬೇಡಿ. ಆ ಕಪ್ಪು ಬಣ್ಣ ನೂರು ಮಳೆಗಾಲದ್ದು.

ಒಂದೊಂದು ಹಂಚು ಎರಡು ಕಿಲೋಗಿಂತ ಜಾಸ್ತಿ ತೂಗುತ್ತದೆ. ಗೋಡೆಗೆ ಕೂರಿಸುವ ಕೊಕ್ಕೆಯನ್ನು ಆ ಲೆಕ್ಕದಲ್ಲಿ ಮಾಡಿ.

ಪೇಟೆಬೀದಿ · ಮೇ 11

ಅಲಂಕಾರದ ಸಾಮಾನು ಕಮ್ಮಿ ಇದೆ ಅನಿಸಿತು. ಭೂತಕೋಲದ ದೈವದ ಮೊಗವನ್ನು (ಮುಖವಾಡವನ್ನು) ಮರದಲ್ಲಿ ಕೆತ್ತಿ ಗೋಡೆಗೆ ಹಾಕುವ ಹಾಗೆ ಮಾಡಿದರೆ? ಈಗ ಅದಕ್ಕೆ ತುಂಬ ಬೇಡಿಕೆ ಇದೆ. ಒಂದೇ ನೋಟಕ್ಕೆ ಕರಾವಳಿ ಅಂತ ಗೊತ್ತಾಗುತ್ತದೆ.

ನದಿಬದಿ · ಮೇ 11

ಬೇಡಿಕೆ ಇರುವುದು ನಿಜ. ಆದರೆ ನಾನು ಮಾಡುವುದಿಲ್ಲ. ನಮ್ಮ ಕಡೆ ಆ ಮೊಗ ಭಂಡಾರದಲ್ಲಿರುತ್ತದೆ. ಅದಕ್ಕೆ ದಿನ ಇದೆ, ಕ್ರಮ ಇದೆ, ಅದನ್ನು ಹೊರುವ ಮನೆತನ ಇದೆ. ಟಿವಿ ಪಕ್ಕದಲ್ಲಿ ತೂಗುಹಾಕಿದರೆ ನನಗೆ ಆ ಕೋಣೆಯಲ್ಲಿ ಕೂರಲು ಆಗುವುದಿಲ್ಲ. ಇದು ನನ್ನ ಭಾವನೆ, ನಿಮ್ಮನ್ನು ತಪ್ಪು ಅನ್ನುತ್ತಿಲ್ಲ.

ಹಂಚಿನಮಾಡು · ಮೇ 11

ನನ್ನದೂ ಅದೇ ಮಾತು. ಕಡಲಿನಿಂದ, ಮಣ್ಣಿನಿಂದ ಎಷ್ಟು ಬೇಕಾದರೂ ತಗೊಳ್ಳಿ. ನಂಬಿಕೆಯನ್ನು ಮಾತ್ರ ಸಾಮಾನು ಮಾಡುವುದು ಬೇಡ.

ಪೇಟೆಬೀದಿ · ಮೇ 12

ಅರ್ಥವಾಯಿತು. ನಾನು ಬಯಲುಸೀಮೆಯವನು, ಅಷ್ಟು ಆಳಕ್ಕೆ ಯೋಚಿಸಿರಲಿಲ್ಲ. ಹಾಗಾದರೆ ಗೋಡೆಗೆ ಏನು?

ಅಘನಾಶಿನಿ_ಕಡೆಯವ · ಮೇ 13

ಗೋಡೆಗೆ ಕಾವಿ! ಇಷ್ಟು ಜನ ಬರೆದರೂ ಯಾರೂ ಕಾವಿ ಕಲೆಯ ಹೆಸರು ಎತ್ತಲಿಲ್ಲವಲ್ಲ.

ನಾನು ಕುಮಟಾ ತಾಲೂಕಿನವ. ಗೋವಾ, ಉತ್ತರ ಕನ್ನಡದ ಹಳೇ ದೇವಸ್ಥಾನಗಳ ಗೋಡೆಯ ಮೇಲೆ ಕೆಂಪು-ಬಿಳಿ ಚಿತ್ತಾರ ಕಂಡಿರುತ್ತೀರಿ. ದೂರದಿಂದ ಬಣ್ಣ ಬಳಿದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಬೆರಳಿಡಿ, ಬಿಳಿ ಗೆರೆ ಒಳಗೆ ಇಳಿದಿರುತ್ತದೆ. ಅದು ಬರೆದದ್ದಲ್ಲ, ಕೆರೆದದ್ದು. ಚಿಪ್ಪು ಸುಟ್ಟ ಸುಣ್ಣಕ್ಕೆ ತೊಳೆದ ಹೊಳೆ ಮರಳು, ಬೆಲ್ಲದ ನೀರು ಸೇರಿಸಿ ಎರಡು ವಾರ ಕೊಳೆಯಲು ಬಿಟ್ಟು, ಕುಟ್ಟಿ ನುಣ್ಣಗೆ ಮಾಡಿ ಗೋಡೆಗೆ ಹಚ್ಚುತ್ತಾರೆ. ಅದರ ಮೇಲೆ ಕಾವಿ ಮಣ್ಣಿನ ಕೆಂಪು ಪದರ. ಇನ್ನೂ ಹಸಿ ಇರುವಾಗಲೇ ಮೊನೆಯ ಕಬ್ಬಿಣದ ಕಡ್ಡಿಯಲ್ಲಿ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಏಳುತ್ತದೆ. ತಪ್ಪಿದರೆ ಅಳಿಸಲು ಬರುವುದಿಲ್ಲ.

ನೋಡಿ, ಕಡಲಿನ ಚಿಪ್ಪು ಬಿಳಿಯಾಯಿತು, ದಡದ ಕೆಂಪು ಮಣ್ಣು ಕೆಂಪಾಯಿತು. ಇದಕ್ಕಿಂತ ಕರಾವಳಿ ಇನ್ನೇನಿದೆ? ನಮ್ಮ ಅಘನಾಶಿನಿ ಅಳಿವೆಯಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿಗಿಳಿದು ಬೆಳಚು (ಚಿಪ್ಪುಮೀನು) ಹೆಕ್ಕುತ್ತಾರೆ. ತಿಂದು ಉಳಿದ ಚಿಪ್ಪೇ ರಾಶಿ ರಾಶಿ. ಅದನ್ನೇ ಬಳಸಿ. ಹೊಳೆ ತಳ ಬಗೆದು ತೆಗೆದ ಚಿಪ್ಪು ಬೇಡ, ಅದರಿಂದ ಬೆಳಚಿನ ಸಂತಾನಕ್ಕೇ ಪೆಟ್ಟು.

ಇನ್ನೊಂದು. ಗೋಕರ್ಣದ ಹತ್ತಿರ ಸಾಣಿಕಟ್ಟಾ ಉಪ್ಪಿನ ಆಗರ ಇದೆ. ಬೇಸಿಗೆಯಲ್ಲಿ ಬಂದು ನೋಡಿ. ಚೌಕ ಚೌಕ ಪಾತಿ, ನಡುವೆ ಕೈಯಗಲದ ಮಣ್ಣಿನ ಬದು. ಒಂದು ಪಾತಿಯಲ್ಲಿ ಆಕಾಶ, ಪಕ್ಕದ್ದರಲ್ಲಿ ಬೂದು ನೀರು, ಆಚೆಯದರಲ್ಲಿ ಬಿಳಿ ಹರಳು. ನಿಮ್ಮ ಚಾಪೆಗೋ ದಿಂಬಿಗೋ ಆ ಚೌಕವೇ ಸಾಕು.

ಮಗ್ಗದಮನೆ · ಮೇ 14

ಬಟ್ಟೆಯ ಬಗ್ಗೆ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಇನ್ನೂ ಕೈಮಗ್ಗ ನಡೆಯುತ್ತದೆ. ಉಡುಪಿ ಸೀರೆ ನೇಯುವವರು ಈಗ ಕೆಲವೇ ಜನ. ಪರದೆ, ದಿಂಬಿನ ಬಟ್ಟೆಯ ಕೆಲಸ ಬಂದರೆ ಮಗ್ಗಕ್ಕೆ ಉಸಿರು. ಅದಕ್ಕೇ ಕೇಳಿಕೊಳ್ಳುತ್ತೇನೆ, ಮಿಲ್ ಬಟ್ಟೆಯ ಮೇಲೆ ಪ್ರಿಂಟ್ ಹೊಡೆಸಬೇಡಿ.

ಬಣ್ಣಕ್ಕೆ ಅಡಿಕೆ ಚೊಗರು ನೋಡಿ. ಅಡಿಕೆ ಬೇಯಿಸಿದ ನೀರು ಬತ್ತಿ ದಪ್ಪಗಾದದ್ದು. ನೂಲಿಗೆ ಕೆಂಗಂದು ಬಣ್ಣ ಕೊಡುತ್ತದೆ. ಅದನ್ನೇ ಕಬ್ಬಿಣದ ತುಕ್ಕಿನ ನೀರಿಗೆ ಅದ್ದಿದರೆ ಬೂದು, ಇನ್ನೂ ಅದ್ದಿದರೆ ಹೆಚ್ಚುಕಮ್ಮಿ ಕಪ್ಪು. ನೀವು ಹೇಳಿದ ಮಳೆಗಾಲದ ಕಡಲಿನ ಬಣ್ಣ ಇದರಲ್ಲೇ ಸಿಗುತ್ತದೆ. ಹೆಗ್ಗೋಡಿನ ‘ಚರಕ’ ಕೈಮಗ್ಗ ಸಂಘದವರು ಅಡಿಕೆ ಬಣ್ಣದಲ್ಲಿ ತುಂಬ ಕೆಲಸ ಮಾಡಿದ್ದಾರೆ.

ಆದರೆ ಒಂದು ಸತ್ಯ ಹೇಳಬೇಕು. ಚೊಗರು ಘಟ್ಟದ ಮೇಲಿನದು. ಕರಾವಳಿಯವರು ಅಡಿಕೆ ಬೇಯಿಸುವುದಿಲ್ಲ, ಹಣ್ಣಡಿಕೆ ಒಣಗಿಸಿ ಚಾಲಿ ಮಾಡುತ್ತಾರೆ. ಹಾಗಾಗಿ ‘ಕರಾವಳಿಯ ಬಣ್ಣ’ ಅಂತ ಚೀಟಿ ಅಂಟಿಸಬೇಡಿ. ನದಿ ಘಟ್ಟದಿಂದ ಇಳಿದು ಬಂದ ಹಾಗೆ ಈ ಬಣ್ಣವೂ ಇಳಿದು ಬಂದಿದೆ ಅಂತ ಹೇಳಿ, ಅದು ನಿಜವೂ ಹೌದು.

ಬಿಸಿಲು ನೇರ ಬೀಳುವ ಕಿಟಕಿಗೆ ಈ ಬಣ್ಣದ ಪರದೆ ಬೇಡ, ಮಾಸುತ್ತದೆ.

ಮಸ್ಕತ್_ಮಂಗಳೂರು · ಮೇ 16

ಊರು ಬಿಟ್ಟು ಹತ್ತೊಂಬತ್ತು ವರ್ಷ ಆಯಿತು ಮಾರಾಯ್ರೆ. ಇಲ್ಲಿಯೂ ಕಡಲಿದೆ, ಆದರೆ ಮಳೆ ಇಲ್ಲ. ನಿಮ್ಮ ಕಲೆಕ್ಷನ್ ಇಲ್ಲಿ ಕೊಳ್ಳುವವರು ಇದ್ದಾರೆ. ಎರಡು ಎಚ್ಚರಿಕೆ.

ನಾನು ಊರಿನಿಂದ ಒಂದು ಹಲಸಿನ ಮಣೆ ತಂದಿದ್ದೆ. ಎಸಿ ರೂಮಿನಲ್ಲಿ ಎರಡೇ ತಿಂಗಳಿಗೆ ಉದ್ದಕ್ಕೆ ಸೀಳಿತು. ಅಲ್ಲಿ ಉಬ್ಬುವ ಮರ ಇಲ್ಲಿ ಕುಗ್ಗುತ್ತದೆ. ಅಗಲ ಹಲಗೆ ಬದಲು ಕಿರಿದಾದ ಪಟ್ಟಿ ಜೋಡಿಸಿ, ಅಲ್ಲಾಡಲು ಜಾಗ ಬಿಡಿ. ನಿಮ್ಮ ಹೊಲಿದ ಬೆಂಚಿಗೆ ಈ ಕಷ್ಟ ಬರಲಿಕ್ಕಿಲ್ಲ, ಅದಕ್ಕೆ ಬಳುಕುವುದು ಗೊತ್ತಿದೆ.

ಎರಡನೆಯದು, ಹೊರದೇಶಕ್ಕೆ ಕಳಿಸುವಾಗ ಪ್ಯಾಕಿಂಗ್ ಮರಕ್ಕೆ ಐಎಸ್‌ಪಿಎಂ 15 ಮುದ್ರೆ ಬೇಕು. ಅಂದರೆ ಆ ಮರದ ತಿರುಳೂ 56 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿಯಾಗಿರಬೇಕು. ಅಕ್ಕಿಮುಡಿಯ ಬೈಹುಲ್ಲು ಮಾತ್ರ ಕಸ್ಟಮ್ಸ್‌ನಲ್ಲಿ ಕಷ್ಟ ಕೊಡಬಹುದು, ಅದಕ್ಕೆ ಬೇರೆ ದಾರಿ ಯೋಚಿಸಿ.

ಉಳಿ_ಕೊಡತಿ · ಮೇ 17

ಪಾಲಿಶ್ ಬಗ್ಗೆ ಯಾರೋ ಖಾಸಗಿಯಾಗಿ ಕೇಳಿದರು, ಇಲ್ಲೇ ಬರೆಯುತ್ತೇನೆ. ದೋಣಿಗೆ ಗೇರು ಎಣ್ಣೆ ಬಳಿಯುತ್ತಾರೆ ಅಂತ ಬೆಂಚಿಗೂ ಬಳಿಯಬೇಡಿ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಗೆದ್ದಲು, ಕುಟ್ಟೆ ಹತ್ತಿರ ಬರುವುದಿಲ್ಲ ಅನ್ನುವುದು ನಿಜ. ಹೊರಗಿಡುವ ಬೆಂಚಿನ ಕಾಲಿನ ಅಡಿಗೆ ಮಾತ್ರ ಹಚ್ಚಿ, ಕೈಗೆ ಗ್ಲೌಸ್ ಹಾಕಿ. ಕೂರುವ ಜಾಗಕ್ಕೆ ಕಾಯಿಸಿದ ಅಗಸೆ ಎಣ್ಣೆಯ ತೆಳು ಮೂರು ಕೈ ಸಾಕು, ಒಂದು ಕೈಯಿಂದ ಇನ್ನೊಂದು ಕೈಗೆ ಪೂರ್ತಿ ಒಣಗಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬೆಂಕಿ ಹಿಡಿಯುತ್ತದೆ. ಹರಡಿ ಒಣಗಿಸಿ.

ಬೆತ್ತದ ಕುರ್ಚಿ ಸಡಿಲ ಆದರೆ ಗಾಬರಿ ಬೇಡ. ಅಡಿಯಿಂದ ಒದ್ದೆ ಬಟ್ಟೆ ಒತ್ತಿ ನೆರಳಲ್ಲಿ ಒಣಗಲು ಬಿಟ್ಟರೆ ಮತ್ತೆ ಬಿಗಿಯಾಗುತ್ತದೆ.

ನದಿಬದಿ · ಜೂನ್ 21

ಇಷ್ಟು ದಿನ ಸುಮ್ಮನಿದ್ದೆ, ಕೆಲಸ ನಡೆಯುತ್ತಿತ್ತು. ಎಲ್ಲರ ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಮುರಕಲ್ಲಿನ ಟೀಪಾಯಿ ಬಿಟ್ಟೆ, ಆ ಜಾಗಕ್ಕೆ ಕಾವಿ ಹಲಗೆ ಬಂತು. ಉದ್ದ ಮೇಜು ಈಗ ಎರಡು ಭಾಗ. ನಡುವೆ ಕೊಕ್ಕೆಜೋಡಣೆ, ಮರದ ಬೆಣೆ ಕಿತ್ತರೆ ಬೇರೆಯಾಗುತ್ತದೆ. ಜಯನಗರದವರೇ, ನಿಮ್ಮ ಲಿಫ್ಟಿನ ಅಳತೆ ಕಳಿಸಿ.

ಬೆಂಚಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಬ್ಬಲಸಿನ ಮೂರು ಹಲಗೆ, ಐದಡಿ ಉದ್ದ. ದೋಣಿಮನೆ ಅಣ್ಣ ಹೇಳಿದ ಹಾಗೆ ಅಂಚು ಕೂರಿಸಲು ಆಚಾರಿಯವರಿಗೆ ಎರಡು ದಿನ ಬೇಕಾಯಿತು. ಒಂದು ಹಲಗೆಯ ಅಂಚಿಗೆ ಸೀಮೆಸುಣ್ಣ ಹಚ್ಚಿ ಇನ್ನೊಂದಕ್ಕೆ ಒತ್ತುವುದು, ಸುಣ್ಣ ಅಂಟಿದಲ್ಲಿ ಮಾತ್ರ ಕೀಸುಳಿಯಿಂದ ಒಂದು ಎಳೆ ತೆಗೆಯುವುದು, ಮತ್ತೆ ಒತ್ತುವುದು. ತೂತಿಗೆ ತೂತು ಎರಡು ಇಂಚು. ಹೊಲಿಯಲು ನಾನು ಮೇಲೆ, ಅವರು ಕೆಳಗೆ. ನೆನೆಸಿದ ಹುರಿ ತೂತಿನಲ್ಲಿ ಜಾರುವಾಗ ಒಂದು ಕೀಚು ಸದ್ದು ಬರುತ್ತದೆ. ಬಿಗಿ ಸಾಕಾದಾಗ ಆ ಸದ್ದು ನಿಲ್ಲುತ್ತದೆ. ಹತ್ತನೇ ಹೊಲಿಗೆಯ ಹೊತ್ತಿಗೆ ನಾವಿಬ್ಬರೂ ಮಾತು ಬಿಟ್ಟು ಬರೀ ಸದ್ದು ಕೇಳಿ ಕೆಲಸ ಮಾಡುತ್ತಿದ್ದೆವು. ಬೆಂಚನ್ನು ಈಗ ಜಗಲಿಯ ಅಂಚಿನಲ್ಲಿ ಇರಚಲು ತಾಗುವ ಕಡೆಯೇ ಇಟ್ಟಿದ್ದೇನೆ. ಇಡೀ ಮಳೆಗಾಲ ಅಲ್ಲೇ ಇರಲಿ.

ಸ್ಟೂಲಿನ ಅಳತೆಗಾಗಿ ಮಳೆ ಹಿಡಿಯುವ ಮೊದಲು ಸೇಂಟ್ ಮೇರೀಸ್‌ಗೆ ಹೋಗಿ ಬಂದೆ. ಮಡಗಾಸ್ಕರ್ ಮತ್ತು ಭಾರತ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ತಣ್ಣಗಾಗಿ ಬಿರುಕುಬಿಟ್ಟು ಆದ ಕಂಬಗಳು ಅವು. ನಾನು ಮೊದಲು ಎಲ್ಲವನ್ನೂ ಆರು ಮೂಲೆ ಅಂತ ಬರೆದಿದ್ದೆ. ಕೂತು ಎಣಿಸಿದೆ. ಐದು ಮೂಲೆಯದ್ದಿದೆ, ಏಳರದ್ದೂ ಇದೆ, ಯಾವುದರ ಬದಿಗಳೂ ಸಮ ಇಲ್ಲ. ಹಾಗಾಗಿ ನನ್ನ ಮೂರು ಸ್ಟೂಲೂ ಈಗ ಐದು, ಆರು, ಏಳು ಮೂಲೆಯವು. ಪಕ್ಕ ಪಕ್ಕ ತಳ್ಳಿದರೆ ಒಂದು ಬದಿ ಮಾತ್ರ ಕೂಡುತ್ತದೆ. ಅಲ್ಲಿಂದ ಕಲ್ಲು, ಚಿಪ್ಪು ಏನೂ ತಂದಿಲ್ಲ. ತರಬಾರದು ಕೂಡ.

ಬಿಳಲುಬುಟ್ಟಿ · ಜೂನ್ 23

ಹಾಳೆಯ ದೀಪದ ಮುಚ್ಚಳ ಮಾಡುವಾಗ ಒಂದು ಯೋಚನೆ ಮಾಡಿ. ಮುಟ್ಟಾಳೆಯ (ಅಡಿಕೆ ಹಾಳೆಯ ಟೊಪ್ಪಿಯ) ಮಡಿಕೆಯನ್ನು ನೋಡಿ ಕಲಿತರೆ ಸಾಕು, ಮುಟ್ಟಾಳೆಯನ್ನೇ ದೀಪಕ್ಕೆ ಕವುಚಬೇಡಿ. ಅದು ಗದ್ದೆಯಲ್ಲಿ ದುಡಿದವರ ತಲೆಯ ಮೇಲಿದ್ದದ್ದು. ಎಲ್‌ಇಡಿ ಬಲ್ಬೇ ಹಾಕಿ, ಹಾಳೆ ಬಿಸಿಗೆ ಬಿರಿಯುತ್ತದೆ.

ನಾನು ಕೊರಗ ಸಮುದಾಯದವಳು. ನಮ್ಮ ಹಿರಿಯರು ಕಾಡಿನ ಬೀಳು (ಬಳ್ಳಿ) ತಂದು ಬುಟ್ಟಿ ಹೆಣೆಯುತ್ತಾ ಬಂದವರು. ನಿಮ್ಮ ಪಟ್ಟಿಯಲ್ಲಿ ಬುಟ್ಟಿಯೇ ಇಲ್ಲ. ಬೀಳಿನ ಬುಟ್ಟಿ ಪ್ಲಾಸ್ಟಿಕ್ ಹಾಗೆ ಅಲ್ಲ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದರೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಒಂದು ಷರತ್ತು. ಸಂತೆಯಲ್ಲಿ ಚೌಕಾಸಿ ಮಾಡಿ ಕೊಂಡು, ಬೆಂಗಳೂರಿನಲ್ಲಿ ಹತ್ತು ಪಟ್ಟಿಗೆ ಮಾರುವವರನ್ನು ನಾವು ಕಂಡಿದ್ದೇವೆ. ಹೆಣೆದವರಿಗೆ ದಿನದ ಕೂಲಿಯ ಲೆಕ್ಕದಲ್ಲಿ ಹಣ ಕೊಡುವುದಾದರೆ, ಯಾರು ಹೆಣೆದದ್ದು ಅಂತ ಹೇಳುವುದಾದರೆ, ಕೆಲಸಕ್ಕೆ ನಾವು ತಯಾರು.

ನದಿಬದಿ · ಜೂನ್ 23

ಅಕ್ಕ, ಎರಡೂ ಷರತ್ತಿಗೆ ಒಪ್ಪಿಗೆ. ಬುಟ್ಟಿಗೆ ಎಷ್ಟು ದಿನ ಬೇಕು ಅಂತ ನೀವೇ ಹೇಳಿ, ಬೆಲೆ ಅಲ್ಲಿಂದ ಶುರು ಮಾಡೋಣ. ಹುಲ್ಲಿನ ಮುಡಿ ಹೇಗೂ ಬೂಸ್ಟು ಹಿಡಿಯುತ್ತಿದೆ, ಅದನ್ನು ಪಟ್ಟಿಯಿಂದ ತೆಗೆದೆ. ಆ ಜಾಗ ಬುಟ್ಟಿಗೆ. ಮುಟ್ಟಾಳೆಯ ಮಾತೂ ಸರಿ. ಮಡಿಕೆ ಮಾತ್ರ ತಗೊಂಡು ಮುಚ್ಚಳವನ್ನು ಉದ್ದಕ್ಕೆ, ದೋಣಿಯ ಆಕಾರಕ್ಕೆ ಬರೆದಿದ್ದೇನೆ.

ಅಘನಾಶಿನಿ_ಕಡೆಯವ · ಜುಲೈ 18

ಕಾವಿ ಎಲ್ಲಿಗೆ ಬಂತು ತಂಗಿ?

ನದಿಬದಿ · ಜುಲೈ 20

ಎರಡು ಸಲ ಹಾಳಾಯಿತು, ಮೂರನೆಯದು ನಿಂತಿದೆ.

ಮೊದಲನೆಯದನ್ನು ಪ್ಲೈವುಡ್ ಮೇಲೆ ಹಚ್ಚಿದ್ದೆ. ಐಎಸ್ 710 ಗುರುತಿನ ಮರೀನ್ ಪ್ಲೈ, ನೀರಿಗೆ ಹೆದರುವುದಿಲ್ಲ. ಆದರೆ ನುಣ್ಣಗಿನ ಮೈಗೆ ಸುಣ್ಣ ಹಿಡಿಯಲಿಲ್ಲ. ಒಣಗಿದ ಮೇಲೆ ಹಪ್ಪಳದ ಹಾಗೆ ಎದ್ದು ಬಂತು. ಎರಡನೆಯದಕ್ಕೆ ತೆಂಗಿನ ನಾರಿನ ಬಲೆ ಹೊಡೆದು ಹಚ್ಚಿದೆ, ಹಿಡಿಯಿತು. ಆದರೆ ಕೆಂಪು ಪದರ ಹಚ್ಚಿ ಊಟಕ್ಕೆ ಹೋದೆ. ಬರುವಷ್ಟರಲ್ಲಿ ಬಿಗಿದಿತ್ತು. ಕಡ್ಡಿ ಹಾಕಿದರೆ ಗೆರೆ ಬದಲು ಚಕ್ಕೆ ಏಳುತ್ತಿತ್ತು.

ಮೂರನೆಯದನ್ನು ಹಳೇ ಹಂಚಿನ ಮೇಲೆ ಮಾಡಿದೆ. ಸಮತಟ್ಟಾದ ಹಂಚು, ಮಾಡಿನ ಒಳಗಡೆ ಹಾಸುತ್ತಿದ್ದದ್ದು. ಸುಟ್ಟ ಮಣ್ಣು ಸುಣ್ಣವನ್ನು ಎಳೆದುಕೊಂಡಿತು. ಹಂಚನ್ನು ಮೊದಲೇ ನೀರಲ್ಲಿ ನೆನೆಸಿದ್ದರಿಂದ ಕೆರೆಯಲು ಬೇಕಾದಷ್ಟು ಹೊತ್ತು ಸಿಕ್ಕಿತು. ಮಳೆಗಾಲದ ತೇವ ಇಲ್ಲಿ ಸಹಾಯಕ್ಕೇ ಬಂತು. ಸಾಣಿಕಟ್ಟಾದ ಚೌಕಗಳನ್ನೇ ಬರೆದೆ. ಕಡ್ಡಿ ಇಳಿದಾಗ ಕೆಂಪಿನ ಕೆಳಗಿಂದ ಆ ಬಿಳಿ ಬರುವುದನ್ನು ನೋಡಿದಾಗ ಮೈ ಜುಂ ಅಂದಿತು. ಒಂಬತ್ತು ಹಂಚು ಸೇರಿದರೆ ಒಂದು ಗೋಡೆಯ ತುಂಡು. ಒಡೆದರೆ ಒಂದನ್ನೇ ಬದಲಿಸಬಹುದು.

ಅಘನಾಶಿನಿ_ಕಡೆಯವ · ಜುಲೈ 20

ಹಂಚಿನ ಮೇಲೆ ಕಾವಿ! ನಮ್ಮ ಕಡೆಯ ಸುಣ್ಣ, ನಿಮ್ಮ ಕಡೆಯ ಹಂಚು. ಮನಸ್ಸು ತುಂಬಿತು. ಮುಂದಿನ ಚಿಪ್ಪು ನಾನೇ ಕಳಿಸುತ್ತೇನೆ.

ಮಗ್ಗದಮನೆ · ಆಗಸ್ಟ್ 6

ಪರದೆ ಬಟ್ಟೆ ಮಗ್ಗದಿಂದ ಇಳಿಯಿತು. ಆರು ಮೀಟರ್. ಕೆಳಗೆ ಚೊಗರಿನ ಕೆಂಗಂದು, ಮೇಲೆ ಹೋದ ಹಾಗೆ ಬೂದು, ತುದಿಯಲ್ಲಿ ಬಣ್ಣ ಹಾಕದ ಬಿಳಿ ನೂಲು. ಆಸಾಡಿಯಲ್ಲಿ (ಆಷಾಢದಲ್ಲಿ) ದಡದಲ್ಲಿ ನಿಂತು ನೋಡಿದ ಹಾಗೇ ಇದೆ. ತೊಳೆಯುವಾಗ ಸೋಪಿನ ಪುಡಿ ಬೇಡ, ಸೀಗೆ ಅಥವಾ ಅಂಟುವಾಳ.

ಜಯನಗರ_ಫ್ಲ್ಯಾಟ್ · ಆಗಸ್ಟ್ 7

ಆ ಪರದೆಯಲ್ಲಿ ಒಂದು ಜೊತೆ ನನಗೆ ಇಡಿ. ಉತ್ತರದ ಕಿಟಕಿ, ನೇರ ಬಿಸಿಲು ಇಲ್ಲ. ಲಿಫ್ಟಿನ ಅಳತೆ ಕಳಿಸಿದ್ದೇನೆ, ನಾಲ್ಕಡಿಯವರೆಗೆ ಧಾರಾಳ ಬರುತ್ತದೆ.

ನದಿಬದಿ · ಸೆಪ್ಟೆಂಬರ್ 14

ಮಳೆ ಇಳಿಯಿತು. ನಮ್ಮ ಜಿಲ್ಲೆಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ, ಅದರಲ್ಲಿ ಬಹುಪಾಲು ಈ ನಾಲ್ಕು ತಿಂಗಳಲ್ಲೇ. ಯಾವುದು ಹೇಗೆ ಉಳಿಯಿತು ಅಂತ ಹೇಳುತ್ತೇನೆ.

ಹಲಸಿನ ಸ್ಟೂಲುಗಳಿಗೆ ಏನೂ ಆಗಿಲ್ಲ, ಬಣ್ಣ ಮಾತ್ರ ಒಂದು ಸುತ್ತು ಗಾಢವಾಗಿದೆ. ಬೆತ್ತದ ಕುರ್ಚಿಯ ಹೆಣಿಗೆಯಲ್ಲಿ ಕಪ್ಪು ಚುಕ್ಕೆ ಬಂತು, ವಿನೆಗರ್ ಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟ ಮೇಲೆ ಹೋಯಿತು. ಹಾಳೆಯ ಮುಚ್ಚಳಕ್ಕೆ ಬೂಸ್ಟು ಹಿಡಿದು ಒಂದು ಪೂರ್ತಿ ಹಾಳು. ದೀಪ ಹಚ್ಚಿಡುತ್ತಿದ್ದ ಇನ್ನೊಂದು ಚೆನ್ನಾಗಿದೆ, ಬಲ್ಬಿನ ಸಣ್ಣ ಬಿಸಿಯೇ ಅದನ್ನು ಕಾಪಾಡಿತು. ಮೇಜಿನ ಕೊಕ್ಕೆಜೋಡಣೆ ಜುಲೈಯಲ್ಲಿ ಉಬ್ಬಿ ಕಳಚಲೇ ಬರಲಿಲ್ಲ. ಉಳಿ_ಕೊಡತಿ ಅಣ್ಣ, ನೀವು ಹೇಳಿದ ಸಂದು ನಾನು ಕಮ್ಮಿ ಬಿಟ್ಟಿದ್ದೆ. ಈಗ ಎರಡೂ ಬದಿ ಒಂದೊಂದು ಮಿಲಿಮೀಟರ್ ಜಾಸ್ತಿ ತೆಗೆದಿದ್ದೇವೆ. ಕಾವಿ ಹಂಚು ಒಂಬತ್ತೂ ಗಟ್ಟಿ.

ಬೆಂಚು. ಇರಚಲು ತಾಗಿ ತಾಗಿ ಹಲಗೆ ಬೆಳ್ಳಿಯ ಬಣ್ಣಕ್ಕೆ ಹೋಗುತ್ತಿದೆ. ಹುರಿ ಮಳೆಯಲ್ಲಿ ಕಲ್ಲಿನ ಹಾಗೆ ಬಿಗಿದಿತ್ತು. ಬಿಸಿಲು ಬಿದ್ದ ಮೇಲೆ ಎಡತುದಿಯ ಎರಡು ಹೊಲಿಗೆ ಸಡಿಲ ಆಗಿವೆ, ಕೂತಾಗ ಒಂದು ಸಣ್ಣ ಸದ್ದು ಬರುತ್ತದೆ.

ದೋಣಿಮನೆ · ಸೆಪ್ಟೆಂಬರ್ 14

ತುದಿಯ ಹೊಲಿಗೆಯೇ ಮೊದಲು ಸಡಿಲ ಆಗುವುದು, ದೋಣಿಯಲ್ಲೂ ಹಾಗೇ. ಆ ಎರಡನ್ನು ಮಾತ್ರ ಬಿಚ್ಚಬೇಡಿ, ತುದಿಯಿಂದ ಐದು ಬಿಚ್ಚಿ. ಹೊಸ ಹುರಿಯನ್ನು ಹಿಂದಿನ ರಾತ್ರಿಯೇ ನೆನೆಸಿಡಿ. ಭಾನುವಾರ ನಾನು ಗಂಗೊಳ್ಳಿಗೆ ಬರುವವನಿದ್ದೇನೆ. ಸಂಜೆ ನಾಲ್ಕರ ಹೊತ್ತಿಗೆ ನಿಮ್ಮಲ್ಲಿಗೆ ಬರುತ್ತೇನೆ, ಅಪ್ಪನನ್ನೂ ಕರೆದುಕೊಂಡು. ಅವರಿಗೆ ಈಗ ಬಿಗಿಯಲು ಕೈಯಲ್ಲಿ ಬಲ ಇಲ್ಲ, ಆದರೆ ಸದ್ದು ಕೇಳಿ ಹೇಳುತ್ತಾರೆ.

ನದಿಬದಿ · ಸೆಪ್ಟೆಂಬರ್ 14

ಶನಿವಾರ ರಾತ್ರಿ ಹುರಿ ನೀರಿಗೆ ಹಾಕಿರುತ್ತೇನೆ ಅಣ್ಣ. ಅಪ್ಪನಿಗೆ ಮೆಟ್ಟಿಲು ಹತ್ತುವುದು ಕಷ್ಟ ಆಗಬಹುದು, ಬೆಂಚನ್ನು ಅಂಗಳಕ್ಕೇ ಇಳಿಸಿಡುತ್ತೇವೆ.